ಲಾರ್ಡ್ ಅಂದ್ರೆ ರೊಟ್ಟಿ ಕಾಯೋನು, ಒಡೆಯ ಅಂದ್ರೆ?

ಹಬ್ಬಕ್ಕೆ ಬೀಚನಹಳ್ಳಿಗೆ ಹೋಗಿದ್ದಾಗ ಮೊಬೈಲಲ್ಲಿ ಒಂದು ಇಂಗ್ಲಿಷ್ ಸೀರೀಸ್ ನೋಡ್ತಿದ್ದೆ. ಮಾತು ಮಾತಿಗೂ 'ಮೈ ಲಾರ್ಡ್'. ಪಕ್ಕದಲ್ಲಿದ್ದ ಅಜ್ಜಿ, "ಅದ್ಯಾಕ್ ಮಗ ಅವ್ನು ಹಂಗ್ ಬಗ್ತಾನೆ?" ಅಂತ ಕೇಳಿದ್ಲು. "ನೀವು ಬುದ್ದೀ ಅಂತಿದ್ರಲ್ಲ, ಹಂಗೇ" ಅಂದೆ. ಅಜ್ಜಿ ನಗಲಿಲ್ಲ.

ಲಾರ್ಡ್ ಪದದ ಮೂಲ ಹಳೆಯ ಇಂಗ್ಲಿಷಿನ 'ಹ್ಲಾಫ್‌ವೇರ್ಡ್', ಅಂದರೆ ರೊಟ್ಟಿ ಕಾಯುವವನು. ಲೇಡಿ ಅಂದರೆ ಅದರ ಹಿಟ್ಟು ನಾದುವವಳು! ಡ್ಯೂಕ್ ದಂಡನಾಯಕ, ಕೌಂಟ್ ರಾಜನ ಜೊತೆಗಾರ, ಮಾರ್ಕ್ವಿಸ್ ಗಡಿಸೀಮೆಯ ಕಾವಲಿನವನು. ಮೊದಲು ಇವೆಲ್ಲ ಕೆಲಸದ ಹೆಸರುಗಳೇ. ಬರಬರುತ್ತಾ ಕೆಲಸ ಹೋಯಿತು, ಜಮೀನೂ ಹೆಸರೂ ಅಪ್ಪನಿಂದ ಮಗನಿಗೆ ಬಂದವು.

ನಮ್ಮ ಸೀಮೆಯಲ್ಲಿ ಇಂಥವು ಎರಡು. ಮೈಸೂರಿನ ರಾಜಮನೆತನಕ್ಕೆ ಒಡೆಯರ್, ಅವರ ಜೊತೆ ನೆಂಟಸ್ತನ ಇದ್ದ ಮನೆತನಗಳಿಗೆ ಅರಸು. ಇಂಗ್ಲಿಷ್ ಕಾಗದದಲ್ಲಿ ಈ ಅರಸು 'ಅರ್ಸ್' ಆಯಿತು. ಸರ್ಕಾರ ಬಿರುದು ಕೊಡೋದನ್ನ ಸಂವಿಧಾನದ 18ನೇ ವಿಧಿ ನಿಲ್ಲಿಸಿತು. 1971ರಲ್ಲಿ ರಾಜಧನವೂ ನಿಂತಿತು. ಆದರೆ ಹೊಲದ ಬದುವಿನಲ್ಲಿ 'ಬುದ್ದಿ' ಹಾಗೇ ಉಳಿದಿತ್ತು.

ಅದನ್ನ ಅಲ್ಲಾಡಿಸಿದ್ದೂ ಒಬ್ಬ ಅರಸೇ. ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯ ದೇವರಾಜ ಅರಸು 1972ರಲ್ಲಿ ಮುಖ್ಯಮಂತ್ರಿಯಾದರು. 1974ರ ಮಾರ್ಚ್ 1ರಿಂದ ಗೇಣಿ ಜಮೀನೆಲ್ಲ ಕಾನೂನಿನ ಪ್ರಕಾರ ಸರ್ಕಾರದ್ದಾಯಿತು. ಉಳುತ್ತಿದ್ದವನು ನಮೂನೆ 7 ತುಂಬಿ ಭೂ ನ್ಯಾಯಮಂಡಳಿಗೆ ಅರ್ಜಿ ಹಾಕಬೇಕಿತ್ತು. ಉಳುವವನೇ ಹೊಲದೊಡೆಯ! ರಾಜರ ಬಿರುದು ಗೇಣಿದಾರನಿಗೆ ಬಂದದ್ದು ಹೀಗೆ.

ಅದೇ ವರ್ಷ ನಮ್ಮೂರಿನ ಕಬಿನಿ ಅಣೆಕಟ್ಟೂ ಮುಗಿಯಿತು. ತಾತ ಆಗ ಎರಡು ಎಕರೆ ವಾರಕ್ಕೆ ಮಾಡ್ತಿದ್ದರು. ಬೆಳೆದ ರಾಗಿಯಲ್ಲಿ ಅರ್ಧ ಬುದ್ದಿಯೋರ ಮನೆಗೆ. ಅರ್ಜಿ ಹಾಕು ಅಂದ್ರೆ, "ಅವ್ರ ಅನ್ನ ತಿಂದು ಅವ್ರ ಮೇಲೇ ಅರ್ಜಿನಾ?" ಅಂತ ತಿಂಗಳುಗಟ್ಟಲೆ ಸುಮ್ಮನೆ ಕೂತರಂತೆ. ಯಾರ ಅನ್ನ ಯಾರು ತಿಂತಿದ್ರು ಅನ್ನೋ ಲೆಕ್ಕ ಅಜ್ಜಿಗೆ ಸರಿಯಾಗಿ ಗೊತ್ತಿತ್ತು. ರಾಗಿ ಬೀಸ್ತಿದ್ದೋಳು ಅವಳೇ ಅಲ್ವಾ! ಕೊನೆಗೆ ಬೈದು, ಬಸ್ ಹತ್ತಿಸಿ, ಕೋಟೆಗೆ ಕಳಿಸಿದ್ದೂ ಅವಳೇ.

ಪಹಣಿಯಲ್ಲಿ ತಾತನ ಹೆಸರು ಬಂತು. ಆದರೂ ಹಳೇ ಯಜಮಾನರು ಎದುರಾದಾಗಲೆಲ್ಲ ತಾತ ಟವಲ್ಲು ಹೆಗಲಿಂದ ಇಳಿಸಿ "ಬುದ್ದೀ" ಅಂತಿದ್ರಂತೆ, ಸಾಯೋವರೆಗೂ.

"ನೀನು?" ಅಂದೆ.

"ನಾನಾ? ಪಹಣಿ ಬಂದ ದಿನವೇ ಬಿಟ್ಟೆ. ಅಣ್ಣಾ ಅಂತಿದ್ದೆ" ಅಂದ್ಲು ಅಜ್ಜಿ.