ಅಬ್ಲೇಶನ್ ಮಾಡಿಸಿದ ಮೇಲೆ ಎದೆಬಡಿತ

ಜರ್ಮನ್ ಮೂಲದ ಜೆಸುಯಿಟ್ ಪಾದ್ರಿ ಅಗಸ್ಟಸ್ ಮುಲ್ಲರ್ 1880ರಲ್ಲಿ ಹೋಮಿಯೋಪಥಿ ಔಷಧಾಲಯ ತೆರೆದ ಮಂಗಳೂರಿನ ಕಂಕನಾಡಿಯ ಆಸ್ಪತ್ರೆಗೆ ಇಂದು ಕಾಸರಗೋಡು, ಕೊಡಗುಗಳಿಂದಲೂ ರೋಗಿಗಳು ಬರುತ್ತಾರೆ. ಎದೆಬಡಿತ ಏರುಪೇರಾದ ರೋಗಿಗೆ ವೈದ್ಯರು ಕ್ಯಾಥೆಟರ್ ಅಬ್ಲೇಶನ್ ಸೂಚಿಸಿದಾಗ ಮನೆಯವರು ಮೊದಲು ಕೇಳುವುದು ಅದರಿಂದ ಪೂರ್ತಿ ಗುಣವಾಗುತ್ತದೆಯೇ ಎಂದು. ಉತ್ತರವಾದರೋ ಲಯದೋಷ ಯಾವುದೆಂಬುದನ್ನು ಅವಲಂಬಿಸಿದೆ.

ತೊಡೆಸಂದಿನ ರಕ್ತನಾಳದ ಮೂಲಕ ತೆಳುವಾದ ಕ್ಯಾಥೆಟರ್‌ಗಳನ್ನು ಹೃದಯದೊಳಕ್ಕೆ ಸಾಗಿಸಿ, ವಿದ್ಯುತ್ ಸಂಕೇತ ದಾರಿ ತಪ್ಪುವ ಜಾಗವನ್ನು ಪತ್ತೆಹಚ್ಚಿ, ಅಲ್ಲಿನ ಕೆಲವೇ ಮಿಲಿಮೀಟರ್ ಅಂಗಾಂಶವನ್ನು 50 ಡಿಗ್ರಿ ಸೆಲ್ಸಿಯಸ್ ಮೀರಿದ ಶಾಖದಿಂದಲೋ ಅತಿಶೀತದಿಂದಲೋ ನಿಷ್ಕ್ರಿಯಗೊಳಿಸುವ ವಿಧಾನವೇ ಅಬ್ಲೇಶನ್.

ಹೃದಯದ ಮೇಲಿನ ಮತ್ತು ಕೆಳಗಿನ ಕೋಣೆಗಳ ನಡುವೆ ಹುಟ್ಟಿನಿಂದಲೇ ಒಂದು ಹೆಚ್ಚುವರಿ ವಿದ್ಯುತ್ ಹಾದಿ ಉಳಿದಿರುವ ವುಲ್ಫ್-ಪಾರ್ಕಿನ್ಸನ್-ವೈಟ್ ದೋಷದಲ್ಲಿ ಇದರ ಫಲ ಬೆರಗು ಹುಟ್ಟಿಸುವಂಥದ್ದು: ಸರಿಯಾದ ಬಿಂದುವಿಗೆ ಶಾಖ ತಗುಲಿದ ಕೆಲವೇ ಸೆಕೆಂಡುಗಳಲ್ಲಿ ಇಸಿಜಿಯ ಅಸಹಜ ಓರೆ ಏರಿಕೆ ಮಾಯವಾಗುತ್ತದೆ. 1991ರಲ್ಲಿ ಜ್ಯಾಕ್‌ಮನ್ ಮತ್ತು ಸಹೋದ್ಯೋಗಿಗಳು ಅಮೆರಿಕದಲ್ಲಿ ಪ್ರಕಟಿಸಿದ ವರದಿಯಂತೆ 166 ರೋಗಿಗಳಲ್ಲಿ 164 ಮಂದಿಯ ಹೆಚ್ಚುವರಿ ಹಾದಿ ಮುಚ್ಚಿತು. 15 ಮಂದಿಯಲ್ಲಿ ದೋಷ ಮರುಕಳಿಸಿದರೂ ಎರಡನೆಯ ಅಬ್ಲೇಶನ್ ಯಶಸ್ವಿಯಾಯಿತು. ಎವಿ ನೋಡ್ ಎಂಬ ಸಂಕೇತಕೇಂದ್ರದೊಳಗೇ ಸುತ್ತುವ ವೇಗದ ಬಡಿತದಲ್ಲೂ ಯಶಸ್ಸು ಶೇ. 95ನ್ನು ಮೀರುತ್ತದೆ, ಆದರೆ ಅಪರೂಪಕ್ಕೆ ಆ ಕೇಂದ್ರಕ್ಕೇ ಪೆಟ್ಟಾಗಿ ಪೇಸ್‌ಮೇಕರ್ ಅಗತ್ಯವಾಗುವುದುಂಟು.

ಹೃದಯದ ಮೇಲಿನ ಕೋಣೆಗಳು ಲಯವಿಲ್ಲದೆ ಅದುರುವ ಏಟ್ರಿಯಲ್ ಫಿಬ್ರಿಲೇಶನ್‌ನ ವಿಷಯ ಹೀಗೆ ಸರಳವಲ್ಲ. ಶ್ವಾಸಕೋಶದಿಂದ ರಕ್ತ ತರುವ ನಾಳಗಳ ಬುಡದಲ್ಲೇ ಈ ಅದುರುವಿಕೆ ಬಹುಪಾಲು ಹುಟ್ಟುತ್ತದೆಂದು ಫ್ರಾನ್ಸ್‌ನ ಬೋರ್ಡೋದಲ್ಲಿ ಹೈಸಗೆರ್ ತಂಡ 1998ರಲ್ಲಿ ತೋರಿಸಿದ ಬಳಿಕ, ಆ ಬುಡಗಳನ್ನು ವಿದ್ಯುತ್ ಸಂಪರ್ಕದಿಂದ ಬೇರ್ಪಡಿಸುವುದೇ ಚಿಕಿತ್ಸೆಯ ತಿರುಳಾಯಿತು. ಬಂದು ಹೋಗುವ ಬಗೆಯಲ್ಲಿ ಒಂದು ವರ್ಷದ ಯಶಸ್ಸು ಸುಮಾರು ಶೇ. 70, ಬಿಡದೆ ಉಳಿದುಬಿಟ್ಟ ಬಗೆಯಲ್ಲಿ ಇನ್ನೂ ಕಡಿಮೆ. 2,204 ರೋಗಿಗಳ ಕಬಾನಾ ಅಧ್ಯಯನದಲ್ಲಿ, ಸಾವು, ಪಾರ್ಶ್ವವಾಯು ಮುಂತಾದ ಗಂಭೀರ ಪರಿಣಾಮಗಳ ಒಟ್ಟು ಎಣಿಕೆಯಲ್ಲಿ ಅಬ್ಲೇಶನ್ ಮಾತ್ರೆಗಳಿಗಿಂತ ಮೇಲೆಂದು ಸಿದ್ಧವಾಗಲಿಲ್ಲ, ಆದರೂ ಜೀವನದ ಗುಣಮಟ್ಟ ಹೆಚ್ಚು ಸುಧಾರಿಸಿತು. ಹೃದಯ ದುರ್ಬಲವಾಗಿದ್ದವರ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಕ್ಯಾಸಲ್-ಎಎಫ್ ಅಧ್ಯಯನದಲ್ಲಿ ಮಾತ್ರ ಸಾವು ಅಥವಾ ಹೃದಯ ವೈಫಲ್ಯದಿಂದ ಆಸ್ಪತ್ರೆ ಸೇರುವ ಪ್ರಮಾಣ ಮಾತ್ರೆಗಳ ಗುಂಪಿನಲ್ಲಿ ಶೇ. 44.6 ಇದ್ದರೆ ಅಬ್ಲೇಶನ್ ಗುಂಪಿನಲ್ಲಿ ಶೇ. 28.5 ಇತ್ತು. ರುಮಾಟಿಕ್ ಜ್ವರದಿಂದ ಹೃದಯದ ಕವಾಟ ಕಿರಿದಾಗಿ ಏಟ್ರಿಯಲ್ ಫಿಬ್ರಿಲೇಶನ್ ಬಂದವರು ನಮ್ಮಲ್ಲಿ ಇನ್ನೂ ಇದ್ದಾರೆ. ಅವರಿಗೆ ಈ ಅಂಕಿಗಳನ್ನು ಹಾಗೆಯೇ ಅನ್ವಯಿಸಿ ಭರವಸೆ ಕೊಡುವುದು ನ್ಯಾಯವಲ್ಲ.

ಏಟ್ರಿಯಲ್ ಫಿಬ್ರಿಲೇಶನ್‌ಗೆ ಮಾಡಿದ ಅಬ್ಲೇಶನ್ ಬಳಿಕದ ಮೊದಲ ಎರಡು ಮೂರು ತಿಂಗಳು ಗಾಯ ಮಾಯುವಾಗ ಲಯ ತಪ್ಪಿದರೆ ಅದನ್ನು ಸೋಲೆಂದು ಎಣಿಸುವುದಿಲ್ಲ. ಬಡಿತ ಸರಿಹೋಯಿತೆಂದು ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆಯನ್ನು ರೋಗಿ ತಾನಾಗಿ ನಿಲ್ಲಿಸುವುದು ಅಪಾಯಕರ; ಅದು ಎಷ್ಟು ಕಾಲ ಬೇಕೆಂಬುದನ್ನು ವೈದ್ಯರು ವಯಸ್ಸು, ರಕ್ತದೊತ್ತಡ, ಸಕ್ಕರೆ ಕಾಯಿಲೆ, ಹಿಂದಿನ ಪಾರ್ಶ್ವವಾಯು ಇವನ್ನು ನೋಡಿ ನಿರ್ಧರಿಸುತ್ತಾರೆ.