ಡ್ಯಾಶ್‌ಬೋರ್ಡ್ ಹಿಂದಿನ ಉಕ್ಕಿನ ಕೊಳವೆ: ಕಾಯುವುದೆಷ್ಟು, ಕೊಲ್ಲುವುದೆಷ್ಟು?

ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಪಟ್ಟಣಗಳ ಹೊರವಲಯದಲ್ಲಿ ಹಾದುಹೋಗುವವರಿಗೆ ವೆಲ್ಡಿಂಗ್ ಕಿಡಿ ಹೊಸತಲ್ಲ. ಟ್ರ್ಯಾಕ್ಟರ್ ಟ್ರೇಲರ್, ನೇಗಿಲು, ಲಾರಿಯ ಹಿಂಬಾಗಿಲು ಮುಂತಾಗಿ ಒಕ್ಕಲುತನದ ಸೀಮೆಗೆ ಬೇಕಾದ ಕಬ್ಬಿಣದ ಕೆಲಸವೆಲ್ಲ ಇಂಥ ಶೆಡ್ಡುಗಳಲ್ಲಿಯೇ ನಡೆಯುತ್ತದೆ. ಕಾಡುಹಾದಿಗೆ ಇಳಿಸುವ ಪಿಕಪ್ ಅಥವಾ ಜೀಪಿಗೆ 'ರೋಲ್ ಕೇಜ್' ಕೂಡಿಸಿಕೊಡಿ ಎಂದು ಯಾರಾದರೂ ಕೇಳಿದರೆ, ಪೈಪು ಬಗ್ಗಿಸಿ ಬೆಸೆಯುವ ಕೈಚಳಕಕ್ಕೆ ಇಲ್ಲಿ ಕೊರತೆಯಿಲ್ಲ. ಆದರೆ ವಾಹನ ಮಗುಚಿದಾಗ ಒಳಗಿರುವವರ ಜೀವ ಉಳಿಸಬೇಕಾದ ಈ ಉಕ್ಕಿನ ಪಂಜರ, ಕೂಡಿಸುವ ಕ್ರಮ ತಪ್ಪಿದರೆ ಅವರ ಜೀವಕ್ಕೇ ಎರವಾಗಬಲ್ಲದು.

ವಾಹನ ಮಗುಚುವುದೆಂದರೇನು ಎಂಬುದು ಈ ಜಿಲ್ಲೆಗೆ ಚೆನ್ನಾಗಿ ಗೊತ್ತು. ಸವಣೂರಿನಿಂದ ಕುಮಟಾ ಸಂತೆಗೆ ತರಕಾರಿ, ಹಣ್ಣು ಹೊತ್ತು ಹೊರಟಿದ್ದ ಲಾರಿಯೊಂದು 2025ರ ಜನವರಿ 22ರ ನಸುಕಿನಲ್ಲಿ ಯಲ್ಲಾಪುರ ತಾಲ್ಲೂಕಿನ ಅರಬೈಲ್ ಘಟ್ಟದ ಬಳಿ ಕಂದಕಕ್ಕೆ ಉರುಳಿ 10 ಮಂದಿ ವ್ಯಾಪಾರಿಗಳು ಸಾವನ್ನಪ್ಪಿದರು. ಸರಕಿನ ಜೊತೆಗೇ ಜನರು ಪ್ರಯಾಣಿಸುತ್ತಿದ್ದ ವಾಹನವದು.

ಎತ್ತರವೇ ಅಪಾಯ

ವಾಹನದ ಒಟ್ಟು ತೂಕ ಒಂದೆಡೆ ನಿಂತಂತೆ ವರ್ತಿಸುವ ಬಿಂದುವನ್ನು ಗುರುತ್ವ ಕೇಂದ್ರ ಎನ್ನುತ್ತಾರೆ. ಈ ಬಿಂದು ಮೇಲೇರಿದಷ್ಟೂ ವಾಹನ ಬೇಗ ಮಗುಚುತ್ತದೆ. ಒಣಮೆಣಸಿನಕಾಯಿ, ಹತ್ತಿಯಂಥ ಸರಕು ತೂಕಕ್ಕಿಂತ ಗಾತ್ರದಲ್ಲಿ ದೊಡ್ಡದು. ಹೀಗಾಗಿ ಬ್ಯಾಡಗಿ ಮಾರುಕಟ್ಟೆಯತ್ತ ಸಾಗುವ ವಾಹನಗಳಲ್ಲಿ ಚೀಲಗಳ ಅಟ್ಟಿ ಎತ್ತರಕ್ಕೆ ಏರುತ್ತದೆ. ಕಾಡುಹಾದಿಯ ಪಿಕಪ್‌ಗಳದ್ದೂ ಇದೇ ಕಥೆ. ದೊಡ್ಡ ಟೈರು ಹಾಕಿ, ಸ್ಪ್ರಿಂಗ್ ಎತ್ತರಿಸಿದಾಗ ಗುರುತ್ವ ಕೇಂದ್ರವೂ ಮೇಲೇರುತ್ತದೆ. ಇಳಿಜಾರಿನಲ್ಲಿ ಒಂದು ಗಾಲಿ ಬಂಡೆ ಏರಿ, ಇನ್ನೊಂದು ಗುಂಡಿಗೆ ಇಳಿದರೆ ಸಾಕು.

ಪಂಜರದ ಕೆಲಸ

ತಲೆಕೆಳಗಾದ ವಾಹನದ ಭಾರವೆಲ್ಲ ಚಾವಣಿಯ ಮೇಲೆ ಬೀಳುತ್ತದೆ. ತೆಳು ತಗಡಿನ ಚಾವಣಿಯೂ ಗಾಜಿನ ಪಕ್ಕದ ಕಂಬಗಳೂ ಅದನ್ನು ತಡೆಯಲಾರದೆ ಕುಸಿಯುತ್ತವೆ. ಆಸನದ ಹಿಂಬದಿಯಲ್ಲಿ ಒಂದು ಪ್ರಧಾನ ಕಮಾನು, ಮುಂಗಾಜಿನ ಎರಡೂ ಕಂಬಗಳನ್ನು ಅನುಸರಿಸಿ ಇಳಿಯುವ ಎರಡು ಕೊಳವೆಗಳು, ಇವುಗಳನ್ನು ಬಂಧಿಸುವ ಅಡ್ಡ ಹಾಗೂ ಕರ್ಣ ಕೊಳವೆಗಳು ಸೇರಿ ಆ ಭಾರವನ್ನು ನೆಲಗಟ್ಟಿಗೆ ಇಳಿಸುತ್ತವೆ.

ಮೋಟಾರು ಕ್ರೀಡೆಯ ಅಂತರರಾಷ್ಟ್ರೀಯ ಸಂಸ್ಥೆಯಾದ ಎಫ್‌ಐಎ ನಿಯಮದಂತೆ ಕೊಳವೆಯು ಜೋಡುಗೆರೆ ಇಲ್ಲದ, ತಣ್ಣಗಿರುವಾಗಲೇ ಎಳೆದು ತಯಾರಿಸಿದ ಉಕ್ಕಿನದಾಗಿರಬೇಕು. ಪ್ರಧಾನ ಕಮಾನಿಗೆ ಕನಿಷ್ಠ 45 ಮಿ.ಮೀ. ವ್ಯಾಸ ಮತ್ತು 2.5 ಮಿ.ಮೀ. ದಪ್ಪ, ಅಥವಾ 50 ಮಿ.ಮೀ. ವ್ಯಾಸ ಮತ್ತು 2 ಮಿ.ಮೀ. ದಪ್ಪವಿರಬೇಕು. ಬಾಗು ತಣ್ಣಗಿರುವಾಗಲೇ ಆಗಬೇಕು. ಬಾಗಿನ ತ್ರಿಜ್ಯ ಕೊಳವೆಯ ವ್ಯಾಸದ 3 ಪಟ್ಟಿಗಿಂತ ಕಡಿಮೆ ಇರಕೂಡದು. ಅಗ್ಗಕ್ಕೆ ಸಿಗುವ ನೀರಿನ ಜಿ.ಐ. ಪೈಪು ಈ ಕೆಲಸಕ್ಕೆ ಸಲ್ಲದು. ಅದರ ಸತುವಿನ ಲೇಪನ ವೆಲ್ಡಿಂಗ್ ಮಾಡುವವರ ಉಸಿರಿಗೂ ವಿಷ. ಪೈಪನ್ನು ಕಾಯಿಸಿ ಬಗ್ಗಿಸಿದರೆ ಬಾಗಿದ ಕಡೆ ಗೋಡೆ ತೆಳುವಾಗಿ, ಸುಕ್ಕು ಬಿದ್ದು, ಭಾರ ಬಿದ್ದಾಗ ಅಲ್ಲಿಯೇ ಮಡಚಿಕೊಳ್ಳುತ್ತದೆ.

ಡ್ಯಾಶ್‌ಬೋರ್ಡ್ ಬಿಚ್ಚದೆ ಗತಿಯಿಲ್ಲ

ಇಡೀ ಪಂಜರದಲ್ಲಿ ಅತಿ ಕಷ್ಟದ ಭಾಗ ಡ್ಯಾಶ್‌ಬೋರ್ಡ್ ಹಿಂದಿನದು. ಮುಂಗಾಜಿನ ಕಂಬದ ಕೊಳವೆ ನೆಲ ಮುಟ್ಟಬೇಕಾದರೆ ಡ್ಯಾಶ್‌ಬೋರ್ಡನ್ನು ದಾಟಲೇಬೇಕು. ಡ್ಯಾಶ್‌ಬೋರ್ಡಿನ ಮುಂದೆ ಬಾಗಿಸಿ ಇಳಿಸುವುದು ಸುಲಭವಾದರೂ, ಹಾಗೆ ಮಾಡಿದರೆ ಕೊಳವೆ ಚಾಲಕನ ಮೊಣಕಾಲಿನ ಎದುರಿಗೇ ಬರುತ್ತದೆ. ಹೆಚ್ಚುವರಿ ಬಾಗಿನಿಂದ ಬಲವೂ ಕುಗ್ಗುತ್ತದೆ. ಡ್ಯಾಶ್‌ಬೋರ್ಡಿನ ಹಿಂದೆ, ಕಂಬಕ್ಕೆ ಒತ್ತಿಕೊಂಡು ಇಳಿಸುವುದೇ ಸರಿಯಾದ ಕ್ರಮ.

ಇದಕ್ಕಾಗಿ ಮೊದಲು ಬ್ಯಾಟರಿಯ ಸಂಪರ್ಕ ತೆಗೆಯಬೇಕು. ಏರ್‌ಬ್ಯಾಗ್ ಇದ್ದರೆ ಅದರ ವಿದ್ಯುತ್ ಶೇಷ ಇಳಿಯುವವರೆಗೆ ಕಾದು, ತಯಾರಕರ ಕೈಪಿಡಿಯಂತೆಯೇ ಕಳಚಬೇಕು. ನಂತರ ಡ್ಯಾಶ್‌ಬೋರ್ಡ್, ತಂತಿಗಳ ಕಟ್ಟು, ಗಾಳಿಯ ಪೆಟ್ಟಿಗೆ ಹೊರಬರಬೇಕು. ನೆಲಹಾಸು, ಸ್ಪಂಜು, ಬಣ್ಣ ಇರುವಲ್ಲಿ ವೆಲ್ಡಿಂಗ್ ಕಿಡಿ ಬಿದ್ದರೆ ಬೆಂಕಿ ಖಚಿತ. ಕೊಳವೆಗಳನ್ನು ಮೊದಲು ಚುಕ್ಕಿ ಬೆಸುಗೆಯಲ್ಲಿ ನಿಲ್ಲಿಸಿ, ಡ್ಯಾಶ್‌ಬೋರ್ಡನ್ನು ಮತ್ತೆ ಇಟ್ಟು ನೋಡಬೇಕು. ಕ್ಲಚ್ ತುಳಿಯುವ ಕಾಲಿಗೆ ಜಾಗವಿದೆಯೇ, ವೈಪರ್ ಸಲಾಕೆ ತಾಗದೇ, ತಂತಿ ಉಜ್ಜದೇ ಎಂಬುದು ಖಾತರಿಯಾದ ಮೇಲಷ್ಟೇ ಪೂರ್ಣ ಬೆಸುಗೆ.

ಎಡಬಲದ ಕೊಳವೆಗಳನ್ನು ಸೇರಿಸುವ ಅಡ್ಡ ಕೊಳವೆಯೂ ಇಲ್ಲಿಯೇ ಅಡಗಿರುತ್ತದೆ. ಪಕ್ಕದಿಂದ ಹೊಡೆತ ಬಿದ್ದಾಗ ಕ್ಯಾಬಿನ್ ಕುಗ್ಗದಂತೆ ತಡೆಯುವುದು ಅದರ ಕೆಲಸ. ಎಫ್‌ಐಎ ನಿಯಮದಂತೆ ಅದರ ಕೆಳಅಂಚು ಡ್ಯಾಶ್‌ಬೋರ್ಡಿನ ಮೇಲಂಚನ್ನು ಮೀರಕೂಡದು, ಅದು ಸ್ಟೇರಿಂಗ್ ದಂಡಕ್ಕಿಂತ ಕೆಳಗೂ ಇರಕೂಡದು.

ಇನ್ನೊಂದು ತೊಡಕು ಚಾವಣಿಯದು. ಕೊಳವೆ ಚಾವಣಿಗೆ ಅಂಟಿಕೊಂಡಿರುವುದರಿಂದ ಸಂದಿನ ಮೇಲ್ಭಾಗಕ್ಕೆ ವೆಲ್ಡಿಂಗ್ ಕಡ್ಡಿ ತಲುಪುವುದಿಲ್ಲ. ಅನುಭವಿಗಳು ನೆಲದಲ್ಲಿ ರಂಧ್ರ ಕೊರೆದು, ಪಂಜರವನ್ನು ತುಸು ಕೆಳಕ್ಕೆ ಇಳಿಸಿ, ಮೇಲ್ಭಾಗವನ್ನೂ ಬೆಸೆದು, ಮತ್ತೆ ಮೇಲೆತ್ತಿ ರಂಧ್ರದ ಮೇಲೆ ತಟ್ಟೆ ಕೂಡಿಸುತ್ತಾರೆ. ಅವಸರದವರು ಕೆಳಗಿನ ಅರ್ಧವನ್ನಷ್ಟೇ ಬೆಸೆದು ಬಣ್ಣ ಬಳಿಯುತ್ತಾರೆ. ನೋಟಕ್ಕೆ ಎರಡೂ ಒಂದೇ. ವಾಹನ ಮಗುಚಿದಾಗಲೇ ವ್ಯತ್ಯಾಸ ತಿಳಿಯುವುದು.

ಕಾಲು ಊರುವ ನೆಲ

ಕೊಳವೆ ಎಷ್ಟು ಗಟ್ಟಿಯಾಗಿದ್ದರೂ ಅದು ನಿಂತ ನೆಲ ತೆಳುವಾಗಿದ್ದರೆ ಫಲವಿಲ್ಲ. ಒಂದು ಮಿಲಿಮೀಟರಿನ ಆಸುಪಾಸಿನ ನೆಲದ ತಗಡಿಗೆ ನೇರವಾಗಿ ಬೆಸೆದ ಕೊಳವೆ, ಭಾರ ಬಿದ್ದೊಡನೆ ತಗಡನ್ನು ತೂತು ಮಾಡಿ ಕೆಳಗಿಳಿಯುತ್ತದೆ. ಆದ್ದರಿಂದಲೇ ಪ್ರತಿ ಪಾದದ ಅಡಿ ಕನಿಷ್ಠ 3 ಮಿ.ಮೀ. ದಪ್ಪದ, 120 ಚದರ ಸೆಂ.ಮೀ. ವಿಸ್ತೀರ್ಣದ ಬಲವರ್ಧಕ ತಟ್ಟೆ ಇರಬೇಕೆಂಬ ನಿಯಮವಿದೆ.

ಪಿಕಪ್‌ಗಳಲ್ಲಿ ಮತ್ತೊಂದು ಸೂಕ್ಷ್ಮವಿದೆ. ಅವುಗಳ ಕ್ಯಾಬಿನ್ ರಬ್ಬರ್ ದಿಂಡುಗಳ ಮೇಲೆ ಕುಳಿತಿದ್ದು, ಚಾಸಿಸ್ ತಿರುಚಿದಾಗ ಪ್ರತ್ಯೇಕವಾಗಿ ಅಲುಗುತ್ತದೆ. ಪಂಜರವನ್ನು ಕ್ಯಾಬಿನ್ ಮತ್ತು ಚಾಸಿಸ್ ಎರಡಕ್ಕೂ ಬಿಗಿಯಾಗಿ ಬೆಸೆದರೆ ಆ ಅಲುಗಾಟವೆಲ್ಲ ಬೆಸುಗೆಯ ಮೇಲೆ ಬಿದ್ದು, ಕಾಲಕ್ರಮೇಣ ಬಿರುಕು ಬಿಡುತ್ತದೆ.

ರಸ್ತೆಗಿಳಿದರೆ ಲೆಕ್ಕ ಬೇರೆ

ಸ್ಪರ್ಧೆಯ ಚಾಲಕ ಹೆಲ್ಮೆಟ್ ಧರಿಸಿ, ಹಲವು ಪಟ್ಟಿಗಳ ಬೆಲ್ಟಿನಲ್ಲಿ ಆಸನಕ್ಕೆ ಬಿಗಿದುಕೊಂಡಿರುತ್ತಾನೆ. ದಿನನಿತ್ಯದ ಪ್ರಯಾಣಿಕ ಹಾಗಲ್ಲ. ಸಣ್ಣ ಡಿಕ್ಕಿಯಲ್ಲಿಯೂ ಬರಿದಾದ ತಲೆ ಉಕ್ಕಿನ ಕೊಳವೆಗೆ ಬಡಿಯಬಹುದು. ಏರ್‌ಬ್ಯಾಗಿನ ಹಾದಿಗೆ ಕೊಳವೆ ಅಡ್ಡಬಂದರೆ ಕಾರ್ಖಾನೆ ಕೊಟ್ಟ ರಕ್ಷಣೆಯೂ ಕೈತಪ್ಪುತ್ತದೆ.

ಕಾನೂನೂ ಇದಕ್ಕೆ ಅಡ್ಡಿಯಾಗಿದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ತಯಾರಕರ ಮೂಲ ವಿವರಗಳಿಗೆ ಹೊಂದದ ಮಾರ್ಪಾಡನ್ನು ನಿಷೇಧಿಸುತ್ತದೆ. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯ ಇದನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಂತೆ ಅನಧಿಕೃತ ಮಾರ್ಪಾಡಿಗೆ ಮಾಲೀಕನಿಗೆ 6 ತಿಂಗಳವರೆಗೆ ಸೆರೆವಾಸ, ಅಥವಾ ಪ್ರತಿ ಮಾರ್ಪಾಡಿಗೆ 5,000 ರೂ. ದಂಡ, ಇಲ್ಲವೇ ಎರಡನ್ನೂ ವಿಧಿಸಬಹುದು. ಹೀಗಾಗಿ ಪೂರ್ಣ ಪಂಜರಕ್ಕೆ ತಕ್ಕ ಜಾಗ ಸ್ಪರ್ಧೆಯ ಅಂಗಳವೇ ಹೊರತು ಹೆದ್ದಾರಿಯಲ್ಲ.

ಹೊಲಕ್ಕೆ ಬೇಕಾದ ಕಮಾನು

ಹಾಗಾದರೆ ಈ ಭಾಗದ ಜನರಿಗೆ ಪಂಜರದ ತತ್ವ ನಿರುಪಯುಕ್ತವೇ? ಅಲ್ಲ. ಅದರ ನಿಜವಾದ ಅಗತ್ಯ ಟ್ರ್ಯಾಕ್ಟರಿಗಿದೆ. ಬದು, ಕಾಲುವೆಯ ಏರಿಯ ಮೇಲೆ ಮಗುಚುವ ಟ್ರ್ಯಾಕ್ಟರಿನಡಿ ಸಿಕ್ಕಿದ ಚಾಲಕ ಬದುಕುಳಿಯುವುದು ಕಷ್ಟ. ಆಸನದ ಹಿಂದೆ ಹಿಂಬದಿಯ ಅಚ್ಚಿನ ಕವಚಕ್ಕೆ ಬಿಗಿದ ಎರಡು ಕಾಲಿನ ಉಕ್ಕಿನ ಕಮಾನು ಮತ್ತು ಸೀಟ್ ಬೆಲ್ಟ್ ಇದ್ದರೆ, ಕಮಾನು ನೆಲಕ್ಕೆ ತಾಗಿ ಚಾಲಕನಿಗೆ ಜಾಗ ಉಳಿಸುತ್ತದೆ. ಸ್ವೀಡನ್ 1959ರಲ್ಲಿಯೇ ಹೊಸ ಟ್ರ್ಯಾಕ್ಟರುಗಳಿಗೆ ಇಂಥ ರಕ್ಷಣೆಯನ್ನು ಕಡ್ಡಾಯಗೊಳಿಸಿತು. ಮುಂದಿನ ದಶಕಗಳಲ್ಲಿ ಅಲ್ಲಿ ಮಗುಚಿ ಸಾಯುವವರ ಪ್ರಮಾಣ ತೀವ್ರವಾಗಿ ಇಳಿಯಿತು. ಬಿಸಿಲು ತಡೆಯುವ ತಗಡಿನ ಚಾವಣಿ ಈ ಕೆಲಸ ಮಾಡುವುದಿಲ್ಲವೆಂಬುದನ್ನು ರೈತರು ಗಮನಿಸಬೇಕು. ಪರೀಕ್ಷಿತ ಕಮಾನು ಇದೆಯೇ ಎಂದು ಟ್ರ್ಯಾಕ್ಟರ್ ಕೊಳ್ಳುವಾಗಲೇ ಮಾರಾಟಗಾರರನ್ನು ಕೇಳುವುದು ಒಳಿತು.

ಉಕ್ಕು ರಕ್ಷಿಸುವುದು ತನ್ನೊಳಗೆ ಬೆಲ್ಟ್ ಬಿಗಿದು ಕುಳಿತವರನ್ನು ಮಾತ್ರ. ಸರಕಿನ ಮೇಲೆ ಕುಳಿತು ಸಂತೆಗೆ ಹೊರಟವರಿಗೆ ಯಾವ ಪಂಜರವೂ ಆಸರೆಯಾಗದು. ಅವರಿಗೆ ಬೇಕಾದದ್ದು ಪ್ರತ್ಯೇಕ ಆಸನವುಳ್ಳ ಪ್ರತ್ಯೇಕ ವಾಹನ.