ದೆವ್ವ ಹೊರಗೋ, ಮನದೊಳಗೋ?

ನವರಸಗಳನ್ನು ಎಣಿಸಿದ ನಮ್ಮ ಹಿರಿಯರು ಶೃಂಗಾರ, ವೀರ, ಹಾಸ್ಯಗಳ ಪಂಕ್ತಿಯಲ್ಲಿಯೇ ಭಯಾನಕಕ್ಕೂ ಒಂದು ಮಣೆ ಹಾಕಿ ಕುಳ್ಳಿರಿಸಿದರು. ಭಯಪಡಲು ಯಾರಿಗೂ ಇಷ್ಟವಿಲ್ಲ. ಆದರೆ ಭಯದ ಕಥೆ ಕೇಳಲು ಇಷ್ಟವಿಲ್ಲದವರು ವಿರಳ. ದೀಪ ಆರಿದೊಡನೆ ಅಜ್ಜಿಯ ಸೆರಗು ಹಿಡಿಯುವ ಮಗುವೇ ಮರುಕ್ಷಣದಲ್ಲಿ, "ಆಮೇಲೆ ಆ ದೆವ್ವ ಏನು ಮಾಡಿತು?" ಎಂದು ಕೇಳುತ್ತದೆ. ದೊಡ್ಡವರನ್ನು ಟಿಕೀಟು ಕೊಳ್ಳಿಸಿ ಚಿತ್ರಮಂದಿರದ ಕತ್ತಲೆಯಲ್ಲಿ ಕುಳ್ಳಿರಿಸುವುದೂ ಇದೇ ಕುತೂಹಲ.

ಬಾದಾಮಿಯ ಸೀಮೆಯಲ್ಲಿ ಈ ಹೆದರಿಕೆಗೆ ಒಂದು ಮನೆಮದ್ದುಂಟು. ಬಾದಾಮಿಗೆ ಸಮೀಪದಲ್ಲಿ, ಮಲಪ್ರಭೆಯ ದಂಡೆಯ ಮೇಲೆ, ಹಾನಗಲ್ಲ ಕುಮಾರ ಸ್ವಾಮಿಗಳವರು 1909ರಲ್ಲಿ ಸ್ಥಾಪಿಸಿದ ಶಿವಯೋಗ ಮಂದಿರವಿದೆ. ಮುಂದೆ ಮಠಗಳ ಅಧಿಕಾರ ವಹಿಸತಕ್ಕ ವಟುಗಳನ್ನು ತರಬೇತುಗೊಳಿಸುವ ಈ ಸಂಸ್ಥೆ ತನ್ನಲ್ಲಿ ತಯಾರಾಗುವ ವಿಭೂತಿಗೂ ಹೆಸರುವಾಸಿ. ನಡುರಾತ್ರಿ ಬೆಚ್ಚಿಬಿದ್ದ ಮಗುವಿನ ಹಣೆಗೆ ತಾಯಿ ಮೊದಲು ವಿಭೂತಿ ಹಚ್ಚುತ್ತಾಳೆ. ಬೆಳಗಾದ ಮೇಲೂ ಮೈ ಸುಡುತ್ತಿದ್ದರೆ ಮಗುವನ್ನೆತ್ತಿಕೊಂಡು ಡಾಕ್ಟರರ ಬಳಿಗೆ ನಡೆಯುತ್ತಾಳೆ. ಒಂದಕ್ಕೊಂದು ವಿರೋಧವೆಂದು ಆಕೆಗೆ ತೋರುವುದೇ ಇಲ್ಲ.

ಕನ್ನಡ ಚಿತ್ರರಂಗದ ಎರಡು ಜನಪ್ರಿಯ ಭಯಾನಕ ಚಿತ್ರಗಳು ಈ ಎರಡು ದಾರಿಗಳನ್ನೇ ಹಿಡಿದಿವೆ. ಒಂದು, 1979ರಲ್ಲಿ ತೆರೆಕಂಡ "ನಾ ನಿನ್ನ ಬಿಡಲಾರೆ". ಇನ್ನೊಂದು, 2004ರ "ಆಪ್ತಮಿತ್ರ". ಮೊದಲನೆಯದು ಗುರುಗಳ ಸನ್ನಿಧಿಗೆ ಹೋಗುತ್ತದೆ. ಎರಡನೆಯದು ಮನೋವೈದ್ಯನನ್ನು ಮನೆಗೆ ಕರೆತರುತ್ತದೆ. ಎರಡರಲ್ಲಿ ಮಿಗಿಲಾದುದು ಯಾವುದು? ಮನೆಮಂದಿ ಒಟ್ಟಿಗೆ ಕುಳಿತು ಚರ್ಚಿಸತಕ್ಕ ಪ್ರಶ್ನೆಯಿದು.

ಬಿಡಲಾರೆನೆಂದವರು ಯಾರು?

"ನಾ ನಿನ್ನ ಬಿಡಲಾರೆ" ಚಿತ್ರದ ಕಥೆ ಸರಳವಾದುದು. ಕಾಮಿನಿ ಎಂಬ ಯುವತಿ ಒಬ್ಬ ತರುಣನನ್ನು ಮೋಹಿಸುತ್ತಾಳೆ, ಅವನು ಒಲ್ಲೆನೆನ್ನುತ್ತಾನೆ. ಆಕೆ ಸತ್ತು ಪ್ರೇತವಾಗಿ, ಅವನು ಮದುವೆಯಾಗಿ ಸುಖವಾಗಿರುವಾಗ ಅವನ ಮೈಮೇಲೆ ಬರುತ್ತಾಳೆ. ಗಂಡನನ್ನು ಉಳಿಸಿಕೊಳ್ಳುವ ಹೋರಾಟ ಹೆಂಡತಿಯ ಪಾಲಿಗೆ ಬರುತ್ತದೆ. ಮಂತ್ರಾಲಯದ ರಾಘವೇಂದ್ರ ಸ್ವಾಮಿಗಳ ಕೃಪೆಯಿಂದ ಆ ಹೋರಾಟ ಮುಗಿಯುತ್ತದೆ.

ನಿರ್ದೇಶಕ ವಿಜಯ್ ಅವರ ಕಾಲದಲ್ಲಿ ಇಂದಿನಂತೆ ಯಂತ್ರದಿಂದ ದೆವ್ವವನ್ನು ಸೃಷ್ಟಿಸುವ ಅನುಕೂಲವಿರಲಿಲ್ಲ. ಆ ಭಾರವನ್ನೆಲ್ಲ ಹೊತ್ತವರು ಅನಂತನಾಗ್. ಸೌಮ್ಯ ಸ್ವಭಾವದ ಗೃಹಸ್ಥನೊಬ್ಬನ ಕಣ್ಣಿನಲ್ಲಿ ಇದ್ದಕ್ಕಿದ್ದಂತೆ ಪರಕೀಯವಾದ ಇನ್ನೊಂದು ನೋಟ ಮೂಡುವುದು, ಗಂಡಸಿನ ದೇಹದಲ್ಲಿ ಹೆಣ್ಣಿನ ಹಟ ಹೊಕ್ಕು ಆಡುವುದು ಇವನ್ನು ಅವರು ನಗೆಗೀಡಾಗದಂತೆ ಅಭಿನಯಿಸಿದ್ದಾರೆ. ಸ್ವಲ್ಪ ಎಡವಿದ್ದರೂ ಅದು ಹಾಸ್ಯವಾಗಿ ಪರಿಣಮಿಸುತ್ತಿತ್ತು. ಬನದ ಹುಣ್ಣಿಮೆಯ ಬನಶಂಕರಿ ಜಾತ್ರೆಯಲ್ಲಿ ನಾಟಕ ಕಂಪನಿಗಳ ಮುಂದೆ ಇರುಳೆಲ್ಲ ಕುಳಿತು ಬೆಳೆದ ಪ್ರೇಕ್ಷಕನಿಗೆ ಇಂತಹ ನಟನೆಯ ಬೆಲೆ ಚೆನ್ನಾಗಿ ಗೊತ್ತು.

ಲಕ್ಷ್ಮಿಯವರ ಪಾತ್ರವೂ ಇದಕ್ಕೆ ಸಮತೂಕವಾದುದು. ಚಿತ್ರದ ಹೆಸರಿನ ಮಾತನ್ನು ಪ್ರೇತ ಹೇಳುತ್ತದೆಂದು ನಾವು ಮೊದಲು ತಿಳಿಯುತ್ತೇವೆ. ಕಥೆ ಮುಂದುವರಿದಂತೆ, ಅದನ್ನು ಹೆಚ್ಚು ದೃಢವಾಗಿ ಹೇಳುತ್ತಿರುವವಳು ಹೆಂಡತಿ ಎಂಬುದು ಅರಿವಾಗುತ್ತದೆ. 1981ರಲ್ಲಿ ಇದೇ ಕಥೆ ಹಿಂದಿಯಲ್ಲಿ ಬಂದಾಗ ಅದಕ್ಕೆ "ಮಂಗಳಸೂತ್ರ" ಎಂದು ಹೆಸರಾಯಿತು; ಅನಂತನಾಗರೇ ನಾಯಕರು, ರೇಖಾ ನಾಯಕಿ. ಆ ಹೆಸರಿನಲ್ಲಿಯೇ ಕಥೆಯ ಆಧಾರವೇನೆಂಬುದು ಸ್ಪಷ್ಟವಾಗುತ್ತದೆ.

ಆದರೆ ಒಂದು ಕೊರತೆ ಉಳಿಯುತ್ತದೆ. ಜೀವ ಕಳೆದುಕೊಂಡ ಕಾಮಿನಿಗಾಗಿ ಇಡೀ ಚಿತ್ರದಲ್ಲಿ ಕಣ್ಣೀರಿಗೆ ಎಡೆಯಿಲ್ಲ. ಆಕೆ ಓಡಿಸಬೇಕಾದ ಪೀಡೆ, ಅಷ್ಟೆ.

ಕೋಣೆಯ ಬೀಗ ತೆರೆದಾಗ

"ಆಪ್ತಮಿತ್ರ"ದ ಬೇರು ಮಲೆಯಾಳದಲ್ಲಿದೆ. ಫಾಜಿಲ್ ನಿರ್ದೇಶಿಸಿದ 1993ರ "ಮಣಿಚಿತ್ರತಾಳ್" ಚಿತ್ರವನ್ನು ಪಿ. ವಾಸು ಕನ್ನಡಕ್ಕೆ ತಂದರು, ದ್ವಾರಕೀಶ್ ನಿರ್ಮಿಸಿದರು. ಹಳೆಯ ಅರಮನೆಯೊಂದನ್ನು ಕೊಂಡು ದಂಪತಿಗಳು ವಾಸಕ್ಕೆ ಬರುತ್ತಾರೆ. ಮುಚ್ಚಿದ ಕೋಣೆಯ ಕಥೆ ಹೆಂಡತಿ ಗಂಗಾಳ ಮನಸ್ಸನ್ನು ಹಿಡಿಯುತ್ತದೆ. ನಾಗವಲ್ಲಿ ಎಂಬ ನರ್ತಕಿಯನ್ನು ಅಲ್ಲಿನ ದೊರೆ ಬಲಾತ್ಕಾರವಾಗಿ ತಂದಿರಿಸಿ, ಆಕೆಯ ಪ್ರಿಯಕರನನ್ನೂ ಆಕೆಯನ್ನೂ ಕೊಂದನೆಂಬುದು ಆ ಕಥೆ. ಕ್ರಮೇಣ ಗಂಗಾ ತಾನೇ ನಾಗವಲ್ಲಿಯಾಗುತ್ತಾಳೆ. ಇಲ್ಲಿ ಪ್ರೇತವಿಲ್ಲ, ಒಂದೇ ದೇಹದಲ್ಲಿ ಎರಡು ವ್ಯಕ್ತಿತ್ವಗಳ ಕಾಯಿಲೆಯಿದೆ. ಅದನ್ನು ಕಂಡುಹಿಡಿಯುವವರು ವಿಷ್ಣುವರ್ಧನ್ ಅಭಿನಯಿಸಿರುವ ಮನೋವೈದ್ಯ ವಿಜಯ್.

ಹಬ್ಬದ ದಿನ ಹೊರಗೆ ಹೊರಟ ಗಂಗಾಳನ್ನು ಗಂಡ ಬೇಡವೆಂದು ತಡೆಯುವ ದೃಶ್ಯವನ್ನು ನೋಡಿದವರು ಮರೆಯಲಾರರು. ಸೌಂದರ್ಯ ಅವರ ಮುಖ ಬದಲಾಗುತ್ತದೆ, ಧ್ವನಿ ಬದಲಾಗುತ್ತದೆ, ಮಂಚ ಮೇಲೇಳುತ್ತದೆ. ನಮ್ಮ ಎದುರಿಗೇ ಇದ್ದ ಸೊಸೆ ಅಲ್ಲಿಲ್ಲ. ಸೌಂದರ್ಯ 2004ರ ಏಪ್ರಿಲ್ 17ರಂದು ಬೆಂಗಳೂರಿನ ಬಳಿ ವಿಮಾನ ಅಪಘಾತದಲ್ಲಿ ತೀರಿಕೊಂಡರು. ಚಿತ್ರ ಬಿಡುಗಡೆಯಾದದ್ದು ಅದೇ ವರ್ಷದ ಆಗಸ್ಟಿನಲ್ಲಿ. ಆಕೆ ಇನ್ನಿಲ್ಲವೆಂಬ ಅರಿವಿನಿಂದಲೇ ಜನ ಆ ಅಭಿನಯವನ್ನು ನೋಡಿದರು. ಚಿತ್ರ ಒಂದು ವರ್ಷಕ್ಕೂ ಮಿಕ್ಕಿ ಓಡಿತು.

ಈ ಚಿತ್ರದಲ್ಲಿಯೂ ದೋಷಗಳಿವೆ. ದೆವ್ವವಿಲ್ಲವೆಂದು ಸಾಧಿಸುವ ಕಥೆಯಲ್ಲಿ ಒಂದು ಭಾರಿ ಸರ್ಪವನ್ನು ಹರಿಯಬಿಟ್ಟು ಪ್ರೇಕ್ಷಕನನ್ನು ಬೆದರಿಸುವುದು ಅನಾವಶ್ಯಕ. ವರ್ಷಗಟ್ಟಲೆ ಚಿಕಿತ್ಸೆ ಬೇಡಬಹುದಾದ ಕಾಯಿಲೆ ಒಂದೇ ರಾತ್ರಿಯಲ್ಲಿ ವಾಸಿಯಾಗುವುದೂ ಸಿನಿಮಾದಲ್ಲಿ ಮಾತ್ರ ಸಾಧ್ಯ.

ತೀರ್ಪು

ಹೆದರಿಸುವುದೊಂದನ್ನೇ ಒರೆಗಲ್ಲಾಗಿ ಇಟ್ಟುಕೊಂಡರೆ ಹಳೆಯ ಚಿತ್ರವೇ ಗೆಲ್ಲುತ್ತದೆ. ಪ್ರೇತ ನಿಜವೆಂದು ಒಪ್ಪಿಕೊಂಡ ಮೇಲೆ ಅದಕ್ಕೆ ಗೋಡೆಯಿಲ್ಲ, ಬಾಗಿಲಿಲ್ಲ. ಚಿತ್ರ ಮುಗಿದರೂ ಅದು ಪ್ರೇಕ್ಷಕನೊಡನೆ ಮನೆಯವರೆಗೆ ಬರುತ್ತದೆ. ಹೆಂಡತಿಯ ಧೈರ್ಯವನ್ನು ಕಥೆಯ ನಡುವೆ ನಿಲ್ಲಿಸಿದ ಮೇಲ್ಮೆಯೂ ಅದರದೇ.

ಆದರೂ ನನ್ನ ಮತ "ಆಪ್ತಮಿತ್ರ"ಕ್ಕೆ. ಕಾರಣ ಅದರ ಕೊನೆಯ ದೃಶ್ಯ. ವೈದ್ಯನು ಮಂತ್ರವಾದಿಯನ್ನು ಅವಮಾನಿಸಿ ಹೊರಗಟ್ಟುವುದಿಲ್ಲ. ಅವಿನಾಶ್ ಅಭಿನಯಿಸಿರುವ ಆಚಾರ್ಯರ ನೆರವಿನಿಂದಲೇ ಪೂಜೆಯ ಏರ್ಪಾಡಾಗುತ್ತದೆ. ದೊರೆಯೆಂದು ನಂಬಿಸಿ ಒಂದು ಬೊಂಬೆಯನ್ನು ಮುಂದಿರಿಸಿ, ನಾಗವಲ್ಲಿಗೆ ತನ್ನ ಸೇಡು ತೀರಿಸಿಕೊಳ್ಳಲು ಅವಕಾಶ ಕೊಡುತ್ತಾರೆ. ಕಾಮಿನಿಗೆ ಸಿಕ್ಕದ ನ್ಯಾಯ, ಬೊಂಬೆಯ ರೂಪದಲ್ಲಾದರೂ, ನಾಗವಲ್ಲಿಗೆ ಸಿಕ್ಕಿತು. ಆಕೆಯ ಅಹವಾಲನ್ನು ಕೇಳಿದ ಮೇಲೆಯೇ ಗಂಗಾ ಮನೆಗೆ ಮರಳಿದಳು. ವಿಭೂತಿ ಹಚ್ಚಿ ಡಾಕ್ಟರರ ಬಳಿಗೂ ಹೋಗುವ ಬಾದಾಮಿಯ ತಾಯಿ ಇದನ್ನು ಬೇಗ ಅರ್ಥಮಾಡಿಕೊಳ್ಳುತ್ತಾಳೆ.

ಇದು ಕೇವಲ ರಂಜನೆಯ ಮಾತಲ್ಲ. ಮನೆಯ ಹೆಣ್ಣುಮಗಳು ಇದ್ದಕ್ಕಿದ್ದಂತೆ ಅಪರಿಚಿತಳಂತೆ ವರ್ತಿಸಿದಾಗ, "ಗಾಳಿ ಸೋಕಿದೆ" ಎಂದು ಬೇವಿನ ಸೊಪ್ಪಿನಿಂದ ಬಡಿದು, ಕಟ್ಟಿಹಾಕಿ ಹಿಂಸಿಸಿದ ಮನೆಗಳು ನಮ್ಮ ನಾಡಿನಲ್ಲಿ ಕಡಿಮೆಯೇನಲ್ಲ. ದೆವ್ವ ಬಿಡಿಸುವ ನೆಪದಲ್ಲಿ ನಡೆಸುವ ಇಂತಹ ಹಿಂಸೆಯನ್ನು ಅಪರಾಧವೆಂದು ಸಾರುವ ಕಾಯಿದೆಯನ್ನು ಕರ್ನಾಟಕ 2017ರಲ್ಲಿ ಅಂಗೀಕರಿಸಿ, 2020ರ ಜನವರಿಯಲ್ಲಿ ಜಾರಿಗೆ ತಂದಿತು. ಮನಸ್ಸಿನ ಕಾಯಿಲೆಗೆ ಚಿಕಿತ್ಸೆ ನೀಡುವ ಹಳೆಯ ಆಸ್ಪತ್ರೆಯೊಂದು ಧಾರವಾಡದಲ್ಲಿ ಬ್ರಿಟಿಷರ ಕಾಲದಿಂದಲೂ ಇದೆ. ಆದರೆ ಕಾಯಿದೆಯ ಪುಟ ತಲುಪದ ಅಡಿಗೆಮನೆಗೆ ಸಿನಿಮಾ ತಲುಪುತ್ತದೆ. "ಅವಳಿಗೆ ದೆವ್ವ ಹಿಡಿದಿಲ್ಲ, ಅವಳಿಗೆ ಏನೋ ಸಂಕಟವಿದೆ" ಎಂದು ಒಬ್ಬ ಅತ್ತೆಯಾದರೂ ಹೇಳುವಂತಾದರೆ, ಆ ಚಿತ್ರದ ಟಿಕೀಟಿನ ಹಣ ವ್ಯರ್ಥವಾಗಲಿಲ್ಲ.

ಎರಡನ್ನೂ ನೋಡದವರು ಮೊದಲು "ನಾ ನಿನ್ನ ಬಿಡಲಾರೆ"ಯನ್ನು ನೋಡಿ ಮನಸಾರೆ ಹೆದರಲಿ. ಮರುದಿನ "ಆಪ್ತಮಿತ್ರ"ವನ್ನು ನೋಡಿ ಆ ಹೆದರಿಕೆಯನ್ನು ಕುರಿತು ವಿಚಾರಮಾಡಲಿ. ನನ್ನ ತೀರ್ಪನ್ನು ಒಪ್ಪದ ವಾಚಕರು ಇದ್ದೇ ಇರುತ್ತಾರೆ. ಅವರ ಮನೆಯಲ್ಲಿ ಊಟದ ಹೊತ್ತಿಗೆ ಒಳ್ಳೆಯ ವಾದವೊಂದು ಏರ್ಪಡಲಿ!